ಆಚಾರ್ರು ಹದ ಇಳಿಸಿದ ಮಚ್ಚು

ಕುಲುಮೆಯ ಆಚಾರ್ರು ತೀರಿಕೊಂಡ ಸುದ್ದಿಯನ್ನು ನನಗೆ ಮುಟ್ಟಿಸಿದವರು ನಾಗಮಂಗಲದ ಡ್ರಾಯಿಂಗ್ ಮೇಷ್ಟ್ರು. ಕಂಕುಳಲ್ಲಿ ಅವರ ಆ ದಪ್ಪ ಬೌಂಡು ಪುಸ್ತಕವೂ ಇತ್ತು. ಕಾಫಿ ಲೋಟ ಕೆಳಗಿಡುವ ಮೊದಲೇ ಪುಸ್ತಕ ಬಿಚ್ಚಿ, "ನಿಮ್ಮತ್ರ ಇರೋ ಮಚ್ಚಲ್ಲಿ ಹಳೇ ಕೈಯವು ಎಷ್ಟು, ಹೊಸ ಕೈಯವು ಎಷ್ಟು? ಸರಿಯಾಗಿ ಹೇಳ್ಬಿಡಿ, ಇನ್ನು ಅವು ಹೆಚ್ಚಾಗಲ್ಲ" ಎಂದರು. ಮನುಷ್ಯ ಮಣ್ಣು ಸೇರಿ ಮೂರು ದಿನವಾಗಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆದರೆ ಸಿಟ್ಟು ಮಾಡಿಕೊಳ್ಳಲು ನನಗೆ ಹಕ್ಕಿರಲಿಲ್ಲ. ಆ ಪುಸ್ತಕದಲ್ಲಿ ಅರ್ಧದಷ್ಟನ್ನು ಕೂತು ಬರೆಸಿದವನು ನಾನೇ.

ಹಾಗಾಗಿ ಮೇಷ್ಟ್ರು ಬರೆದು ಮುಗಿಸುವ ಮೊದಲು ನಾನೊಂದಿಷ್ಟು ಬರೆದಿಡುತ್ತೇನೆ. ಆಚಾರ್ರ ವಿಚಾರದಲ್ಲಿ ನನ್ನಷ್ಟು ದೊಡ್ಡ ತಪ್ಪು ಮಾಡಿದವನು ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ. ಆದ್ದರಿಂದ ಅವರನ್ನು ನನ್ನಷ್ಟು ಬಲ್ಲವನೂ ಇಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಅವರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ತಾವು ಮಾಡಿದ ಒಂದು ಮಚ್ಚಿನ ಮೇಲೂ ಹೆಸರು ಕೊರೆದವರಲ್ಲ ಅವರು. ಕೊರೆಯಿರಿ ಎಂದು ಒಮ್ಮೆ ನಾನೇ ಹೇಳಿದ್ದಕ್ಕೆ, "ಹುಲ್ಲಿಗೆ ಓದಕ್ ಬತ್ತದಾ?" ಎಂದಿದ್ದರು.

ನಾನು ಆಗ ಸಂತೆಬಾಚಹಳ್ಳಿ ಕಡೆಯ ನಮ್ಮೂರಿನ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಊರ ಬಾಯಲ್ಲಿ ಸೆಕ್ರೆಟ್ರಿ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮನೆಮನೆಗೂ ಸೀಮೆಹಸು ಬಂದು, ಗದ್ದೆಯ ಬದುಗಳ ಮೇಲೆಲ್ಲ ಆಳೆತ್ತರದ ಸೀಮೆಹುಲ್ಲು ನಿಂತಿದ್ದ ಕಾಲ. ಆಚಾರ್ರ ಕುಲುಮೆ ಊರಿನಿಂದ ಎರಡು ಫರ್ಲಾಂಗು ಆಚೆ, ರಸ್ತೆ ತಿರುಗುವ ಕಡೆ ಇತ್ತು. ನಮ್ಮೂರೂ ಸೇರಿ ಮೂರು ಊರಿನ ಕುಳ, ಕುಡುಗೋಲು, ಮಚ್ಚಿನ ಕೆಲಸವೆಲ್ಲ ಅವರದೇ. ಸುಗ್ಗಿಯಲ್ಲಿ ಮನೆಗಿಷ್ಟು ಎಂದು ರಾಗಿ, ಭತ್ತ ಅಳೆದು ಕೊಡುತ್ತಿದ್ದೆವು. ವರ್ಷವಿಡೀ ಅದರ ಮೇಲೆಯೇ ಅವರ ಒಲೆ ಉರಿಯಬೇಕು.

ಕುಳ್ಳನೆಯ ಆಳು. ಬಲಗೈ ಎಡಗೈಗಿಂತ ದಪ್ಪ, ಎಡ ಹುಬ್ಬು ಅರ್ಧ ಸುಟ್ಟುಹೋಗಿತ್ತು. ತಿದಿ ಒತ್ತಲು ಹೆಂಡತಿಯೇ ಕೂರುತ್ತಿದ್ದರು. ಗಂಡ ಹೆಂಡತಿ ದಿನವಿಡೀ ಎದುರು ಬದುರು ಕೂತು ಹತ್ತು ಮಾತೂ ಆಡುತ್ತಿರಲಿಲ್ಲ. ಬಂದವರ ಮಾತು ಉದ್ದವಾದರೆ ಆಚಾರ್ರು ಕಬ್ಬಿಣವಿಟ್ಟು ಬಡಿಯುವ ಅಡಿಗಲ್ಲಿನ ಮೇಲೆ ಬರಿದೇ ಸುತ್ತಿಗೆಯಿಂದ ಎರಡೇಟು ಕುಟ್ಟುವರು. ಆಯಿತು, ಎದ್ದು ಹೋಗು ಎಂದು ಅದರ ಅರ್ಥ. ಒಮ್ಮೆ ಯಾರೋ ಹೊಸಬ, "ಇದಕ್ಕೆ ಗ್ಯಾರಂಟಿ ಐತಾ ಆಚಾರ್ರೇ?" ಎಂದು ಕೇಳಿದ. "ಮಚ್ಚಿಗೆ ಐತೆ ಕಣಪ್ಪ, ನಿನ್ ಬೆರಳಿಗೆ ಇಲ್ಲ" ಎಂದು ಎರಡೇಟು ಕುಟ್ಟಿದರು.

ಅವರ ಹಳೆಯ ಮಚ್ಚನ್ನು ನೋಡಿದವರಿಗೆ ನಮ್ಮ ಹುಚ್ಚು ಅರ್ಥವಾಗುತ್ತದೆ. ಹಳೇ ಲಾರಿಯ ಕಮಾನು ಪಟ್ಟಿಯನ್ನು ಕಾಸಿ ಬಡಿದು ಮಾಡಿದ್ದು. ತೂಕದ್ದು. ತುದಿಯಲ್ಲಿ ಗಿಣಿಯ ಕೊಕ್ಕಿನ ಹಾಗೆ ಬಾಗಿದ ಮೂತಿ, ಕೆಳಗೆ ಮುಷ್ಟಿ ತುಂಬುವ ಹುಣಸೆಮರದ ಹಿಡಿ. ಬೆರಳಿನಿಂದ ತಟ್ಟಿದರೆ ಠಣ್ಣೆನ್ನುತ್ತಿತ್ತು. ನನ್ನ ಹತ್ತಿರ ಅಂಥವು ಹನ್ನೊಂದಿದ್ದವು. ಒಂದೊಂದಕ್ಕೂ ಹರಳೆಣ್ಣೆ ಸವರಿ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದೆ. ತೊಣ್ಣೂರಿನ ಹತ್ತಿರ ಆಲೆಮನೆ ಇಟ್ಟಿದ್ದ ಸಿಂಗ್ರೇಗೌಡರ ಹತ್ತಿರ ಇಪ್ಪತ್ತೆರಡಿದ್ದವು. ಡ್ರಾಯಿಂಗ್ ಮೇಷ್ಟ್ರ ಹತ್ತಿರ ಮಚ್ಚು ಇದ್ದದ್ದು ಮೂರೇ, ಆದರೆ ಕಂಡಕಂಡವರ ಮಚ್ಚನ್ನೆಲ್ಲ ಆ ಪುಸ್ತಕದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದು, ಇದು ಇಂಥ ವರ್ಷದ ಮೂತಿ ಎಂದು ಬರೆದಿಡುತ್ತಿದ್ದರು. ಆಯುಧಪೂಜೆಯ ದಿನ ಇವನ್ನೆಲ್ಲ ಹೊರಗೆ ತೆಗೆದು, ತೊಳೆದು, ಅರಿಸಿನ ಕುಂಕುಮ ಇಟ್ಟು ಜಗಲಿಯ ಮೇಲೆ ಸಾಲಾಗಿ ಜೋಡಿಸುವುದು. ಆಮೇಲೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಿ ನೋಡುವುದು, ಕೊಂಕು ತೆಗೆಯುವುದು. ಒಬ್ಬರದನ್ನು ಇನ್ನೊಬ್ಬರು ಹೊಗಳಿದ ನೆನಪು ನನಗಿಲ್ಲ.

ಸಿಂಗ್ರೇಗೌಡರು ಒಮ್ಮೆ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದವರು, ಗಾಜಿನ ಪೆಟ್ಟಿಗೆಯಲ್ಲಿ ಕಂಡ ಕತ್ತಿಯೊಂದರ ಪಟವನ್ನು ಹಿಡಿದು ಕುಲುಮೆಗೆ ಹೋದರು. ಇಂಥದೊಂದು ಮಾಡಿಕೊಡಿ ಎಂದರು. ಆಚಾರ್ರು ಪಟವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರಲ್ಲಿ ಏನ್ ಕುಯ್ತೀರಿ ಗೌಡ್ರೇ?" ಎಂದು ಕೇಳಿದರು.

"ಕುಯ್ಯಕಲ್ಲ, ಗ್ವಾಡೆಗೆ ನೇತಾಕಕೆ."

"ಗ್ವಾಡೆಗಾದ್ರೆ ಬಡಗಿ ತಾವ್ಕೋಗಿ. ಮರದಲ್ಲಿ ಮಾಡ್ಕೊಡ್ತಾನೆ, ಮೊಳೆ ಮೇಲೂ ಭಾರ ಬೀಳಕಿಲ್ಲ."

ಇದನ್ನು ಹೇಳಿಕೊಂಡು ನಾವು ಎಷ್ಟು ದಿನ ನಕ್ಕೆವೋ. ನಮ್ಮನ್ನೂ ಸೇರಿಸಿಯೇ ಹೇಳಿದ್ದು ಅದು ಎಂದು ನಮಗೆ ಹೊಳೆಯಲೇ ಇಲ್ಲ.

ಹೀಗಿರುವಾಗ ಆಚಾರ್ರ ಮಚ್ಚು ಬದಲಾಯಿತು. ಒಂದೇ ದಿನಕ್ಕಲ್ಲ. ಮೊದಲು ಹಿಡಿ ಸಣ್ಣದಾಯಿತು. ಮುಂದಿನ ವರ್ಷ ಗಿಣಿಮೂತಿ ಮೊಂಡಾಗುತ್ತ ಬಂದು, ಕೊನೆಗೆ ಇಲ್ಲವೇ ಇಲ್ಲ. ಅಲಗು ತೆಳ್ಳಗಾಯಿತು, ತೂಕ ಇಳಿಯಿತು. ಬೆಳಿಗ್ಗೆ ಹಾಲು ಹಾಕುವ ಹೊತ್ತಿನಲ್ಲಿ ಡೈರಿಯ ಮುಂದೆ ಇದೇ ಚರ್ಚೆ. ಭಾನುವಾರ ಬಂತೆಂದರೆ ಸಿಂಗ್ರೇಗೌಡರೂ ಮೇಷ್ಟ್ರೂ ಬಸ್ಸಿನಲ್ಲಿ ಬಂದು ಸೇರಿಕೊಳ್ಳುತ್ತಿದ್ದರು.

"ಮೂತಿನೇ ತೆಗ್ದ್ಬುಟ್ಟವ್ರೆ ಕಣ್ರಲಾ! ಮೂತಿ ಇಲ್ದಿದ್ಮೇಲೆ ಅದೇನ್ ಮಚ್ಚಾ? ದೋಸೆ ಮಗ್ಚೋ ಕೈ!" ಎಂದು ಸಿಂಗ್ರೇಗೌಡರು ತೊಡೆ ತಟ್ಟುವರು.

"ವಯಸ್ಸಾಯ್ತು, ಕೈ ನಿಲ್ತಾ ಇಲ್ಲ. ಗೆರೆ ಸುಳ್ಳು ಹೇಳಲ್ಲ, ನೋಡಿ" ಎಂದು ಮೇಷ್ಟ್ರು ಪುಸ್ತಕ ತೆಗೆಯುವರು.

ನನ್ನದು ಇವರಿಬ್ಬರಿಗಿಂತ ಆಳವಾದ ಪಾಂಡಿತ್ಯ. ಕಾದ ಕಬ್ಬಿಣವನ್ನು ನೀರಿಗೆ ಅದ್ದಿ ಗಟ್ಟಿ ಮಾಡುವುದಕ್ಕೆ ಹದ ಹಾಕುವುದು ಎನ್ನುತ್ತಾರೆ. ಹದ ಸರಿಯಾಗಿ ಬಿದ್ದ ಅಲಗಿನ ಮೇಲೆ ಕಬ್ಬಿಣ ಉಜ್ಜುವ ಅರ ಎಳೆದರೆ ಜಾರಬೇಕು. ನಾನು ಒಂದು ಅರವನ್ನು ತಂದು ಎಲ್ಲರೆದುರು ಎಳೆದು ತೋರಿಸಿದೆ. ಹಳೆಯದರ ಮೇಲೆ ಜಾರಿತು. ಹೊಸದರ ಮೇಲೆ ಕಚ್ಚಿ ಪುಡಿ ಉದುರಿತು. "ಹದವೇ ಬಿದ್ದಿಲ್ಲ. ಕೆಟ್ಟೋಗವ್ರೆ" ಎಂದೆ. ಸೆಕ್ರೆಟ್ರಿ ಹೇಳಿದ ಮೇಲೆ ಮುಗಿಯಿತು. ಮೂರು ಊರಿಗೂ ಮಾತು ಹರಡಿತು.

ಆ ವರ್ಷ ಆಯುಧಪೂಜೆಗೆ ಮೊದಲು ಮೂರು ಊರಿನ ಯಜಮಾನರು ಸೇರಿ ಒಂದು ತೀರ್ಮಾನ ಮಾಡಿದರು. ಪೂಜೆಗಿಟ್ಟ ಕಬ್ಬಿಣವನ್ನು ಮತ್ತೆ ಕೈಗೆ ತೆಗೆದುಕೊಳ್ಳುವ ವಿಜಯದಶಮಿಯ ದಿನ, ಡೈರಿಯ ಮುಂದೆ ಹಳೇ ಮಚ್ಚನ್ನೂ ಹೊಸ ಮಚ್ಚನ್ನೂ ಪರೀಕ್ಷೆ ಮಾಡುವುದು. ಹೊಸದು ಸೋತರೆ ಮೂರು ಊರಿನ ಕೆಲಸವನ್ನೂ ಆಚಾರ್ರಿಂದ ಬಿಡಿಸಿ, ಕೆ.ಆರ್. ಪೇಟೆಯ ಅಂಗಡಿಯ ರೆಡಿಮೇಡ್ ಮಾಲು ತರುವುದು. ಆಚಾರ್ರಿಗೆ ಹೇಳಿಕಳಿಸಿದೆವು. ಬಂದರು. ಬಿಳಿ ಅಂಗಿ ಹಾಕಿ, ಕೈಕಟ್ಟಿ ಒಂದು ಮೂಲೆಯಲ್ಲಿ ನಿಂತರು. ಪರೀಕ್ಷೆಗೆ ಒಣಗಿದ ಜಾಲಿಯ ಕೊರಡು ತಂದಿದ್ದೆವು. ಹಳೆಯದು ನನ್ನ ಟ್ರಂಕಿನದೇ. ಹೊಸದೊಂದು ಬೇಕಿತ್ತಲ್ಲ, ನಮ್ಮ ಕೊಟ್ಟಿಗೆಯ ಗೋಡೆಗೆ ಸಿಕ್ಕಿಸಿದ್ದನ್ನು ಎಳೆದುಕೊಂಡು ಬಂದೆ. ಅದು ಅಲ್ಲಿಗೆ ಯಾವಾಗ ಬಂತು, ಯಾರು ತಂದರು ಎಂದು ನಾನು ಯೋಚಿಸಲಿಲ್ಲ.

ಹಳೆಯದು ನಾಲ್ಕೇ ಏಟಿಗೆ ಕೊರಡಿನಲ್ಲಿ ಎರಡು ಬೆರಳು ಇಳಿಯಿತು. ಹೊಸದರಲ್ಲಿ ನಾನೇ ಕೈ ಎತ್ತಿ ಬೀಸಿದೆ. ಆರನೇ ಏಟಿಗೆ ಅಲಗು ಮಡಿಚಿಕೊಂಡಿತು. ಜನ ಹೋ ಎಂದರು. ಮಡಿಚಿದ ಅಲಗನ್ನು ಎತ್ತಿ ಹಿಡಿದು ಸುತ್ತ ತೋರಿಸಿದವನೂ ನಾನೇ. "ಏನ್ ಹೇಳ್ತೀರಿ ಆಚಾರ್ರೇ?" ಎಂದು ಹಿರಿಯ ಯಜಮಾನರು ಕೇಳಿದರು. ಆಚಾರ್ರು ಕೊರಡನ್ನು ನೋಡಿದರು, ನನ್ನ ಕೈಯಲ್ಲಿದ್ದ ಮಚ್ಚನ್ನು ನೋಡಿದರು. "ನಾನೇನ್ ಹೇಳ್ಲಿ. ನೀವೇ ನೋಡುದ್ರಲ್ಲ" ಎಂದು ಚಪ್ಪಲಿ ಮೆಟ್ಟಿ ಹೊರಟುಹೋದರು. ಸುಗ್ಗಿ ಮುಗಿದ ಮೇಲೆ ಅಡಿಗಲ್ಲು ಮಾರಿ ಮಗಳ ಊರಿಗೆ ಹೋಗುತ್ತಾರಂತೆ ಎಂಬ ಸುದ್ದಿ ಮಾರನೆಯ ದಿನವೇ ಬಂತು.

ಆದರೆ ಆ ದಿನ ಸಂಜೆಯೇ ನನ್ನ ಮನೆಯಲ್ಲಿ ಬೇರೆ ಪರೀಕ್ಷೆ ಶುರುವಾಗಿತ್ತು. ನನ್ನ ಹೆಂಡತಿ ಜಯಮ್ಮ ಕೊಟ್ಟಿಗೆಯಿಂದ ಮಡಿಚಿದ ಮಚ್ಚನ್ನು ತಂದು ನನ್ನ ಮುಂದೆ ಇಟ್ಟಳು.

"ಯಾರು ಮಾಡಿದ್ದು ಇದ?"

ನಾನು ಹೆಮ್ಮೆಯಿಂದಲೇ ಕತೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. "ಸೀಮೆಹುಲ್ಲು ಕಡಿಯೋದ್ರಲ್ಲಿ ಜಾಲಿ ಕೊರಡು ಕಡ್ದ್ರಾ? ನಾಲ್ಕ್ ಜನ ನೋಡ್ಕಂಡ್ ನಿಂತಿದ್ರಾ? ಈಗ ಹಸಕ್ಕೆ ಏನ್ ಹಾಕ್ಲಿ?" ಎಂದಳು. ನಾನು ಟ್ರಂಕು ತೆಗೆದು, ನನ್ನ ಹನ್ನೊಂದರಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ಆರಿಸಿ ಕೊಟ್ಟೆ. ಹತ್ತು ನಿಮಿಷಕ್ಕೆ ಅದು ಅಂಗಳದಲ್ಲಿ ಬಂದು ಬಿತ್ತು. "ಇದು ದೇವ್ರ ಮನೇಲಿ ಇರ್ಲಿ. ಇಲ್ಲ, ನೀವೇ ಕಡೀರಿ" ಎಂದು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ.

ಕಡಿದೆ. ಎರಡು ಸೀಮೆಹಸು, ಹೊತ್ತಿಗೆ ಒಂದೊಂದು ಹೊರೆ. ಗಿಣಿಮೂತಿ ಪ್ರತಿ ಏಟಿಗೂ ಬುಡದ ಹುಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು. ಬಿಡಿಸಿ ಎಳೆಯುವಷ್ಟರಲ್ಲಿ ಗರಿ ಮುಖಕ್ಕೆ ಗೀರುತ್ತಿತ್ತು. ಆ ತೂಕಕ್ಕೆ ಮೂರನೆಯ ದಿನ ಮಣಿಕಟ್ಟು ಊದಿಕೊಂಡು, ಡೈರಿಯ ಪುಸ್ತಕದಲ್ಲಿ ಹಾಲಿನ ಲೆಕ್ಕ ಎಡಗೈಯಲ್ಲಿ ಬರೆಯಬೇಕಾಯಿತು. ಹಾಲು ಹಾಕಲು ಬಂದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಗ ನಾನು ಜೀವನದಲ್ಲಿ ಮೊದಲ ಸಲ ಒಂದು ವಿಷಯ ಗಮನಿಸಿದೆ. ಪಾಸ್ ಪುಸ್ತಕದಲ್ಲಿ ಇರುವುದೆಲ್ಲ ಗಂಡಸರ ಹೆಸರು, ಕ್ಯಾನು ಹಿಡಿದು ನಿಂತಿರುವವರೆಲ್ಲ ಹೆಂಗಸರು. ದಿನಾ ಎರಡು ಹೊತ್ತು ಇದನ್ನೇ ನೋಡುತ್ತಿದ್ದ ನನಗೆ, ಹುಲ್ಲು ಕಡಿಯುವವರು ಯಾರು ಎಂದು ಗೊತ್ತಿರಲಿಲ್ಲ. ನಾಚಿಕೆಯಾಯಿತು. ಈಗಲೂ ಆಗುತ್ತದೆ.

ನಾಲ್ಕನೆಯ ದಿನ ಜಯಮ್ಮನಿಗೆ ನನ್ನ ಮೇಲಲ್ಲ, ಹಸುವಿನ ಮೇಲೆ ಕನಿಕರ ಬಂತು. ಮಡಿಚಿದ ಮಚ್ಚನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೆಟ್ಟಗೆ ಮಾಡಿದಳು. ಬಚ್ಚಲ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೀರು ಚಿಮುಕಿಸಿ ಮಸೆದಳು. ಒಲೆಯ ಮೇಲಿಟ್ಟಿದ್ದ ಅನ್ನ ಬೇಯುವಷ್ಟರಲ್ಲಿ ಅಲಗು ಬಂದುಬಿಟ್ಟಿತ್ತು. ನನ್ನ ಟ್ರಂಕಿನ ಮಚ್ಚನ್ನು ಅದೇ ಕಲ್ಲಿನ ಮೇಲೆ ನಾನೂ ಉಜ್ಜಿ ನೋಡಿದೆ. ಕಲ್ಲು ಸವೆಯಿತೇ ಹೊರತು ಅಲಗು ಹಂದಲಿಲ್ಲ. ಅದಕ್ಕೆ ಕುಲುಮೆಯ ಸಾಣೆಯೇ ಬೇಕು.

ಅವತ್ತೇ ಕುಲುಮೆಗೆ ನಡೆದೆ. ಆಚಾರ್ರು ನನ್ನ ಊದಿದ ಕೈಯನ್ನೊಮ್ಮೆ ನೋಡಿ ಕೆಲಸಕ್ಕೆ ಬಗ್ಗಿದರು. ತಿದಿಯ ಹತ್ತಿರ ಕೂತಿದ್ದ ಅವರ ಹೆಂಡತಿಯೇ ಮಾತು ತೆಗೆದರು: "ಮೂರ್ ಊರ್ನ ನಂಬ್ಕಂಡಿದ್ದೋ ಕಣಪ್ಪ ನಾವು."

ನಾನು ನೆಲ ನೋಡಿಕೊಂಡು ಕೇಳಿದೆ: "ಹದ ನೀವೇ ಬೇಕಂತ ಇಳ್ಸಿದ್ರಾ ಆಚಾರ್ರೇ?"

ಉತ್ತರವಾಗಿ ಅವರು ಹಿಂದಿನ ಗೋಡೆಯ ಗೋಣಿತಾಟನ್ನು ಪಕ್ಕಕ್ಕೆ ಸರಿಸಿದರು. ಗೋಡೆಯ ಉದ್ದಕ್ಕೂ ಕಟ್ಟಿದ ತಂತಿಯಲ್ಲಿ ಸವೆದ ಮಚ್ಚುಗಳು ತೂಗಾಡುತ್ತಿದ್ದವು. ಗೇಣುದ್ದ ಉಳಿದವು, ಬೆರಳುದ್ದ ಉಳಿದವು. ಹೊಸದಕ್ಕೆ ಬಂದವರು ಹಳೆಯದನ್ನು ಬಿಟ್ಟು ಹೋಗಬೇಕು ಎಂದು ಅವರು ಕೇಳುತ್ತಿದ್ದುದು ಇದಕ್ಕಂತೆ. ನಾವು ಮೂವರು ಸಂಗ್ರಹಕಾರರು ಒಂದೂ ಬಿಟ್ಟು ಬಂದವರಲ್ಲ, ನಮ್ಮವು ಸವೆದಿರಲೇ ಇಲ್ಲವಲ್ಲ.

"ಕಬ್ಬಿಣಕ್ಕೆ ಬಾಯಿಲ್ಲ ಸೆಕ್ರೆಟ್ರಿ. ಸವ್ದಿರೋ ಜಾಗ್ವೇ ಅದ್ರ ಬಾಯಿ" ಎಂದು ಒಂದನ್ನು ಬಿಚ್ಚಿ ನನ್ನ ಕೈಗಿಟ್ಟರು. "ನೋಡು, ಮೂತಿ ಹೊಸ್ದಂಗೇ ಐತೆ, ಬುಡ ಸವ್ದೋಗೈತೆ. ಮೂತಿ ಯಾರ್ಗೂ ಬೇಕಾಗಿಲ್ಲ ಅಂತ ತಾನೆ? ಹಿಡಿ ನೋಡು. ದಪ್ಪ ಹಿಡಿಗೆ ಬಟ್ಟೆ ಸುತ್ತವ್ಳೆ, ಜಾರ್ದೇ ಇರ್ಲಿ ಅಂತ. ಹೆಣ್ಮಕ್ಕಳ ಕೈ ಕಣಪ್ಪ, ಎಷ್ಟ್ ದಪ್ಪ ಹಿಡ್ದಾತು? ಮೊಂಡಾದಾಗೆಲ್ಲ ಎರಡ್ ಫರ್ಲಾಂಗು ನಡ್ಕಂಡ್ ಬಂದು ನನ್ ಮುಂದೆ ಕೂರ್ಬೇಕಾ? ಮನೆ ಕಲ್ಲಲ್ಲೇ ಮಸ್ಕಳ್ಳಿ ಅಂತ ಹದ ಇಳ್ಸ್ದೆ. ಹದ ಇಳ್ಸೋದು ಹಾಕೋದಕ್ಕಿಂತ ಕಷ್ಟ. ಒಂದ್ ಗಳಿಗೆ ಎಚ್ಚಾದ್ರೆ ಬೆಣ್ಣೆ ಆಗೋಯ್ತದೆ."

"ಮತ್ತೆ ಅವತ್ತು ಯಾಕೆ ಬಾಯಿ ಬಿಡ್ಲಿಲ್ಲ ನೀವು?"

"ಯಾರ್ಗೆ ಹೇಳ್ಲಿ? ಕಡಿಯೋರು ಒಬ್ರೂ ಅಲ್ಲಿರ್ಲಿಲ್ಲ."

ಈ ಮಾತನ್ನು ಅವರು ದೂರುವ ದನಿಯಲ್ಲಿ ಹೇಳಲಿಲ್ಲ. ದೂರಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಯಜಮಾನರ ಹತ್ತಿರ ಹೋದೆ. "ಕೆಟ್ಟೋಗವ್ರೆ ಅಂದೋನೂ ನೀನೇ, ಇಲ್ಲ ಅನ್ನೋನೂ ನೀನೇ. ಏನ್ಲಾ ಆಟ ಆಡ್ತಿದ್ದೀಯ?" ಎಂದು ಬೈದರು. ಸರಿಯಾದ ಬೈಗುಳವೇ. ಮಾರನೆಯ ಬೆಳಿಗ್ಗೆ ಹಾಲು ಅಳೆಯುವುದನ್ನು ನಿಲ್ಲಿಸಿ, ಯಜಮಾನರನ್ನೂ ಅಲ್ಲೇ ಕೂರಿಸಿ, ಕ್ಯಾನು ಹಿಡಿದು ನಿಂತವರನ್ನು ಕೇಳಿದೆ: "ಮಚ್ಚಿನ ವಿಚಾರದಲ್ಲಿ ನಾನು ಹೇಳಿದ್ದು ತಪ್ಪು. ನನಗೆ ಗೊತ್ತಿಲ್ಲದೆ ಮಾತಾಡಿದೆ. ಕಡಿಯುವವರು ನೀವು, ನೀವು ಹೇಳಿ." ಸಾಲಿನ ಕೊನೆಯಿಂದ ಒಬ್ಬ ಮುದುಕಿ, "ಅಂಗಡಿ ಮಚ್ಚು ತಂದ್ರೆ ಹಾಲನ್ನ ಅಂಗಡಿಯೋರೇ ಕರ್ಕಳ್ಳಿ" ಎಂದಳು. ಅಲ್ಲಿಂದ ಮುಂದೆ ಯಾರ ಮಾತು ಯಾರಿಗೂ ಕೇಳಿಸದಷ್ಟು ಗಲಾಟೆ. ಹಾಲು ಒಯ್ಯುವ ವ್ಯಾನು ಬಂದು ಕಾಯುತ್ತ ನಿಂತಿತು.

ನಮ್ಮೂರೂ ಪಕ್ಕದೂರೂ ಕೆಲಸವನ್ನು ಆಚಾರ್ರಿಗೇ ಉಳಿಸಿದವು. ಮೂರನೆಯ ಊರಿನವರು ಅಂಗಡಿಯ ಮಾಲನ್ನೇ ತಂದರು, ಇವತ್ತಿಗೂ ತರುತ್ತಾರೆ. ಅಡಿಗಲ್ಲು ಮಾರುವ ಮಾತು ನಿಂತಿತು. ಸಿಂಗ್ರೇಗೌಡರು ಮಾತ್ರ ಜಗ್ಗಲಿಲ್ಲ. ನನ್ನನ್ನು ಹೆಂಡತಿಗೆ ಹೆದರಿದವನು ಎಂದು ಕರೆದರು. ಒಪ್ಪಿಕೊಂಡೆ, ಹೆದರುವಂಥ ಕೈಯೇ ಅದು.

ತಪ್ಪು ಒಪ್ಪಿಕೊಂಡವನಿಗೆ ಬರುವ ಧಾರಾಳದಲ್ಲಿ, ಕುಲುಮೆಗೆ ಹೋಗಿ ನನಗೂ ಹೊಸ ಬಗೆಯದೊಂದು ಮಾಡಿಕೊಡಿ ಎಂದೆ. ಆಚಾರ್ರು, "ಎಲ್ಲಿ, ಕೈ ತೋರ್ಸು" ಎಂದರು. ಅಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದರು. "ಈ ಕೈಗೆ ಏನ್ ಮಾಡ್ಕೊಡ್ಲಿ? ಪೆನ್ನು ಮಾಡಕೆ ನಂಗ್ ಬರಕಿಲ್ಲ." ಅವರ ಹೆಂಡತಿ ತಿದಿ ಬಿಟ್ಟು ನಕ್ಕರು. ಆ ಮುಖದಲ್ಲಿ ನಗು ಕಂಡದ್ದು ನಾನು ಅವತ್ತೇ ಮೊದಲು.

ಮಾತು ಚುಚ್ಚಿತು. ಡೈರಿಗೆ ಹೊರಡುವ ಮೊದಲು ಬೆಳಗಿನ ಹೊರೆಯನ್ನು ನಾನೇ ಕಡಿಯತೊಡಗಿದೆ, ಜಯಮ್ಮನ ಮಚ್ಚಿನಲ್ಲೇ. ಸಂಜೆಯದು ಅವಳದು. ಮೊದಮೊದಲು ನಾನು ಕಡಿದದ್ದನ್ನು ಅವಳು ಮತ್ತೆ ಸವರಿ ಬರುತ್ತಿದ್ದಳು. ಬುಡ ಬಿಟ್ಟು ಕಡಿಯುತ್ತೀರಿ, ಚಿಗುರು ಬರುವುದಿಲ್ಲ ಎಂದು ಬೈಯುತ್ತಿದ್ದಳು. ಒಂದು ಮಳೆಗಾಲ ಹೋಯಿತು, ಇನ್ನೊಂದು ಬಂತು. ಬೈಯುವುದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಮಚ್ಚು ಸವೆದು ಮುಕ್ಕಾಲು ಆಯಿತು. ಒಂದು ದಿನ ಜಯಮ್ಮ, "ಹಿಡಿ ಅಲ್ಲಾಡ್ತದೆ, ಆಚಾರ್ರಿಗೆ ಕೊಟ್ಟು ಬೇರೇದ್ ತನ್ನಿ" ಎಂದು ಅದನ್ನು ನನ್ನ ಕೈಗೆ ಕೊಟ್ಟಳು.

ಆಚಾರ್ರಿಗೆ ಆಗಲೇ ಕಣ್ಣು ಮಂಜಾಗಿತ್ತು. ಮಚ್ಚನ್ನು ತೆಗೆದುಕೊಂಡು ನೋಡಲಿಲ್ಲ, ಹೆಬ್ಬೆರಳನ್ನು ಅಲಗಿನ ಉದ್ದಕ್ಕೂ ಎಳೆದರು.

"ಜಯಮ್ಮಂದು" ಎಂದರು.

"ಹೂಂ. ಬೇರೇದೊಂದು ಬೇಕಂತೆ."

ಅವರು ಅದನ್ನು ಹಿಂದಕ್ಕೆ ಕೊಡಲಿಲ್ಲ. ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ಇನ್ನೊಂದು ಸಲ ಬೆರಳಾಡಿಸಿದರು. ಹಿಡಿಯನ್ನು ತಮ್ಮ ಮುಷ್ಟಿಯಲ್ಲಿ ಹಿಡಿದರು, ಬಿಟ್ಟರು, ಸ್ವಲ್ಪ ಕೆಳಗೆ ಹಿಡಿದರು.

"ಇದ್ರಲ್ಲಿ ಎರಡ್ ಕೈ ಅವೆ" ಎಂದರು. "ಒಂದು ಬುಡದಲ್ಲಿ ಕಡಿತದೆ. ಇನ್ನೊಂದು ಒಸಿ ಮುಂದಕ್ಕೆ, ಬಲ ಜಾಸ್ತಿ ಹಾಕ್ತದೆ. ಯಾರ್ದಪ್ಪ?"

"ಬೆಳಿಗ್ಗೇದು ನಾನು ಆಚಾರ್ರೇ" ಎಂದೆ.

ಆಚಾರ್ರು, ಇಕ್ಕಳ ಹಿಡಿದು ಮೂಲೆಯ ಪಟ್ಟಿಗಳ ಕಡೆ ಬಗ್ಗಿದ್ದ ಹೆಂಡತಿಯತ್ತ ತಿರುಗಿ, "ಏ, ಒಂದಲ್ಲ ಕಣೇ, ಎರಡಿಡು ಕೆಂಡಕ್ಕೆ" ಎಂದರು.